ಪಾಲಕರ ಸಹಿ

ಹಲ್ಲು ಎಂಬುದರ ಕೊಂಬು ಉದುರಿದರೆ
ಈ ಊರಿನ ಹೆಸರು: ಹಲ್.
ನೀಲಾಂಬಿಕೆಗೂ ಈ ವಾರ ಮುಂದಿನದೊಂದು ಬಿದ್ದಿದೆ,
ಅವಳ ಎಸ್ಸುಗಳೆಲ್ಲ ಗಾಳಿಯಾಗಿ ಹೋಗುತ್ತಿವೆ.

ನಮಗೆ ಸಿಕ್ಕಿದ್ದು ಹತ್ತು ನಿಮಿಷ,
ಆರೂ ಇಪ್ಪತ್ತರಿಂದ ಆರೂವರೆ.
ಅದಕ್ಕಾಗಿ ಪಾಳಿ ಬದಲಿಸಿದೆ;
ಭಾನುವಾರ ರಾತ್ರಿಯಿಡೀ ಮಾರ್ಜರಿ ಅಜ್ಜಿಯ ಮಗ್ಗುಲು ಹೊರಳಿಸುವುದು
ನನ್ನ ಪಾಲಿಗೆ ಬಂತು.
ಆರೈಕೆಮನೆಯ ಅಂಗಿಯ ಮೇಲೆ ಕೋಟು ತೊಟ್ಟು
ಮೊಣಕಾಲು ಗದ್ದಕ್ಕೆ ತಾಗುವ ಕುರ್ಚಿಯಲ್ಲಿ ಕೂತಿದ್ದೇನೆ.
ಗದುಗಿನ ನನ್ನ ಶಾಲೆಗೆ ಅವ್ವ ಬಂದದ್ದು ಒಮ್ಮೆ,
ಮರೆತ ಬುತ್ತಿ ಕೊಡಲು.
ಕಿಟಕಿಯಿಂದಲೇ ದಾಟಿಸಿ,
ಮಾಸ್ತರರು ತಿರುಗುವ ಮೊದಲೇ ಸರಿದುಹೋದಳು.

ಮಿಸ್ ಸ್ಟ್ಯಾಥರ್ಸ್ ಲೆಕ್ಕದ ಹಾಳೆ ತೋರಿಸಲಿಲ್ಲ.
ಹಳದಿ ರಟ್ಟಿನ ಓದಿನ ಡೈರಿ ತೆಗೆದರು.
ದಿನಾ ರಾತ್ರಿ ಮಗು ಹತ್ತು ನಿಮಿಷ ಓದಬೇಕು,
ಕೇಳಿದವರು ಕೊನೆಯ ಅಂಕಣದಲ್ಲಿ ಒಂದು ಮಾತು ಬರೆಯಬೇಕು.
ನನಗೆ ಬರೆಯಲು ಬರುವ ಇಂಗ್ಲಿಷು ಚಾರ್ಟು ತುಂಬುವಷ್ಟು:
ಉಂಡರು. ಉಣ್ಣಲಿಲ್ಲ. ಮಗ್ಗುಲು ಬದಲಿಸಲಾಯಿತು.
ಮಗಳ ಬಗ್ಗೆ ಹಾಗೆ ಬರೆಯಲು ಕೈ ಏಳಲಿಲ್ಲ.
ಕನ್ನಡದಲ್ಲಿ ಬರೆದೆ. ಯಾರೂ ಏನೂ ಕೇಳಲಿಲ್ಲ.
ಪ್ರತಿ ಸಾಲಿನ ಪಕ್ಕ ಮಾತ್ರ
ಹಸಿರು ಶಾಯಿಯ ಸರಿ ಗುರುತು ಬೀಳುತ್ತಿತ್ತು.

‘ಇದು ನಿಮ್ಮ ಸಹಿ ಅಂದುಕೊಂಡಿದ್ದೆ,’ ಅಂದರು,
‘ಆದರೆ ದಿನವೂ ಬೇರೆ ಬೇರೆ.
ಒಂದು ದಿನವಂತೂ ಮೂರು ಸಾಲಿನ ಸಹಿ!
ನನಗೆ ಓದಿ ಹೇಳುತ್ತೀರಾ?’

ಓದಿದೆ. ಬೆರಳಿಟ್ಟು, ತಡವರಿಸಿ, ಇಂಗ್ಲಿಷು ಹುಡುಕಿ,
ಮಗಳು ನನ್ನೆದುರು ಓದುವ ಹಾಗೆಯೇ.
‘ಚಾಕುವಿನ ಹೆಸರಿಗೆ ಮುಂದ ಒಂದು ಕೆ ಯಾಕ, ಕೇಳಿದ್ಳು. ನನಗೂ ಗೊತ್ತಿಲ್ಲ.’
‘ಕರಡಿ ಮನಿ ಬಿಟ್ಟು ಹೋಗೂ ಪುಟ ಎರಡ ಸಲ ಓದಿದ್ಳು.’
‘ನಾನ ಮೊದಲ ಮಲಗಿಬಿಟ್ಟೆ. ನನ್ನ ಗೊರಕಿಗೆ ಓದಿದ್ಳಂತ.’
ಅವರು ನಕ್ಕರು.
ಆ ನಗುವಿನ ಮರೆಯಲ್ಲಿ ಪುಟ ತಿರುವಿದೆ,
ತುಸು ಬೇಗನೆ.

ಕಿರುಬೆರಳೊಂದು ಬಂದು ಪುಟವನ್ನು ತಡೆಯಿತು.
‘ಅವ್ವಾ, ಇದೊಂದು ಬಿಟ್ಟಿ.’

ಒಂದಕ್ಷರ ಕನ್ನಡ ಓದಲು ಬಾರದವಳು!
ಆದರೆ ತಾರೀಖು ಇಂಗ್ಲಿಷಿನಲ್ಲಿತ್ತು, ನವೆಂಬರ್ ಹನ್ನೊಂದು.
ಅಷ್ಟು ಸಾಕಿತ್ತು ಅವಳಿಗೆ.

‘ಇವತ್ತ ಚೀರಿದೆ. ಪುಸ್ತಕ ಒಗದೆ. ಗ್ವಾಡಿಗೆ ಬಡದು ಬಿತ್ತು.
ಆಕಿ ಅಳಲಿಲ್ಲ. ಎತ್ತಿಕೊಂಡ ಬಂದು
ನಿಂತಲ್ಲಿಂದ ಮುಂದ ಓದಿದ್ಳು.’

ಅದರ ಪಕ್ಕದಲ್ಲೂ ಹಸಿರು: ಸರಿ.

ಹೇಳಿದೆ, ಬರುವಷ್ಟು ಇಂಗ್ಲಿಷಿನಲ್ಲಿ, ಅವಳೆದುರಿಗೇ.
ಬಾಗಿಲಾಚೆ ಮುಂದಿನ ಪಾಲಕರು ಕೆಮ್ಮಿದರು.
ಮಿಸ್ ಸ್ಟ್ಯಾಥರ್ಸ್ ತಮ್ಮದೇ ಗುರುತನ್ನು ನೋಡುತ್ತ ಕೂತರು,
ನಕಲು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ.
‘ಓದದೇ ಹಾಕಿದ್ದು,’ ಅಂದರು. ‘ನಲವತ್ತೊಂದು ಸಲ.’
ಆಮೇಲೆ ಕೂಡುವ ಲೆಕ್ಕ, ಸ್ಪೆಲ್ಲಿಂಗು, ಬುಧವಾರದ ಈಜು,
ಉಳಿದ ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು.
ಎದ್ದಾಗ ನನ್ನ ಮೊಣಕಾಲು ಚಟ್ಟೆಂದಿತು.

ಬಸ್ ಸ್ಟಾಪಿನಲ್ಲಿ, ಕೆನೆಬಣ್ಣದ ಫೋನ್ ಡಬ್ಬಿಯ ಪಕ್ಕ,
ಹಂಬರ್ ಕಡೆಯಿಂದ ಕೊರೆಯುವ ಗಾಳಿ.
ಡಬ್ಬಿಯ ಗಾಜಿಗೆ ಬಾಯಿಂದ ಉಗಿ ಹಾಯಿಸಿ ಅವಳು ಕೇಳಿದಳು:
‘ಓದಿದ್ಳು ಅಂತ ಹೆಂಗ ಬರಿಯೂದು?’
ಓ ಬರೆದು ತೋರಿಸಿದೆ.
ಅವಳದು ತಿರುವಿನಲ್ಲಿ ದಾರಿ ತಪ್ಪಿ
ಬಸವನಹುಳುವಾಯಿತು.
‘ಕಲೀತೀನಿ,’ ಅಂದಳು,
‘ಆಮ್ಯಾಲೆ ನೀ ಬರದದ್ದು ನಾ ಓದಿ
ನಾನ ಥಹಿ ಹಾಕ್ತೀನಿ.’

ಬಸ್ಸು ಬಂತು. ಮಹಡಿಯ ಮುಂದಿನ ಸೀಟು ಹಿಡಿಯಲು
ಅವಳು ಮೆಟ್ಟಿಲು ಹತ್ತಿ ಓಡಿದಳು.
ಚೀಲದಲ್ಲಿ ಹಳದಿ ರಟ್ಟು.
ಇವತ್ತಿನ ಅಂಕಣ ಇನ್ನೂ ಖಾಲಿ.